ನವನಿರ್ಮಿತ ಸೌಧಗಳ ಪೂರ್ವಕಾಲದ ಚಿತ್ರಗಳು

ಹೆಸರಾಂತ ಕಟ್ಟಡಗಳನ್ನು ಲೋಕವು ಕಾಣುವುದು ಬಹುಮಟ್ಟಿಗೆ ಅವುಗಳ ವೃದ್ಧಾಪ್ಯದಲ್ಲಿ. ಗೋಡೆಗೆ ಪಾಚಿ ಹತ್ತಿ, ಬಣ್ಣ ಮಾಸಿ, ಮುಂದಣ ಬಯಲಿನಲ್ಲಿ ನೆಟ್ಟ ಸಸಿಗಳು ಹೆಮ್ಮರಗಳಾದ ಮೇಲೆ ಯಾತ್ರಿಕರು ಬಂದು ನಿಂತು ಬೆರಗಾಗುವರು. ಅದು ಮೊದಲಿನಿಂದಲೂ ಹಾಗೆಯೇ ಇದ್ದಿತೆಂಬ ಭಾವನೆಯು ಅವರಲ್ಲಿ ತಾನಾಗಿಯೇ ಮೂಡುವುದು. ಆದರೆ ಯಾವ ಸೌಧವೂ ಹಳತಾಗಿ ಹುಟ್ಟಿದುದಲ್ಲ. ಒಂದಾನೊಂದು ದಿನ ಅದರ ಸುತ್ತಲೂ ಸಾರುವೆಯ ಕಂಬಗಳಿದ್ದವು. ಗಾರೆಯ ಗಾಣ ತಿರುಗುತ್ತಿದ್ದಿತು. ಕಲ್ಲುಕುಟಿಗರ ಉಳಿಯ ಸದ್ದು ಹಗಲೆಲ್ಲ ಕೇಳುತ್ತಿದ್ದಿತು. ಇಷ್ಟು ಹಣವನ್ನು ಸುಮ್ಮನೆ ಸುರಿದರಲ್ಲಾ ಎಂದು ದೂರುವವರೂ ಇದ್ದರು. ಆ ದಿನದ ಚಿತ್ರವೊಂದು ಉಳಿದುಬಂದಿದ್ದರೆ ಅದು ಆ ಕಟ್ಟಡದ ಜಾತಕವಿದ್ದಂತೆ. ಅಂತಹ ಚಿತ್ರಗಳು ಎಲ್ಲ ಕಟ್ಟಡಗಳಿಗೂ ದೊರೆತಿಲ್ಲ. ದೊರೆತವುಗಳಾದರೋ ಬಾಯಿಮಾತಿನ ಇತಿಹಾಸವನ್ನು ಎಷ್ಟೋ ಸಲ ತಿದ್ದಿವೆ.

ಆಗ್ರಾ ನಗರದ ತಾಜಮಹಲನ್ನೇ ನೋಡಬಹುದು. 1632ರ ಸುಮಾರಿಗೆ ಆರಂಭವಾದ ಆ ಕಾರ್ಯವು ಇಪ್ಪತ್ತು ವರ್ಷಗಳಷ್ಟು ಕಾಲ ನಡೆಯಿತು. ಅದರ ಮೊದಲ ಛಾಯಾಚಿತ್ರಗಳಲ್ಲಿ ಹೆಸರಾದವು ಕಂಪೆನಿ ಸರಕಾರದ ವೈದ್ಯನಾಗಿದ್ದ ಜಾನ್ ಮರೆ ಎಂಬವನು 1850ರ ನಂತರ ತೆಗೆದವು. ಆ ಹೊತ್ತಿಗೆ ಗೋರಿಯು ಇನ್ನೂರು ವರ್ಷದ ಹಳೆಯ ಕಟ್ಟಡವಾಗಿದ್ದಿತು. ಅದು ಹೊಸದಾಗಿದ್ದ ಕಾಲದ ಸಂಗತಿ ತಿಳಿಯಬೇಕಾದರೆ ಔರಂಗಜೇಬನು ತಂದೆಯಾದ ಶಹಾಜಹಾನನಿಗೆ 1652ರಲ್ಲಿ ಬರೆದ ಪತ್ರವನ್ನು ನೋಡಬೇಕು. ಮಳೆಗಾಲದಲ್ಲಿ ಗುಮ್ಮಟದ ಉತ್ತರ ಭಾಗವು ಸೋರಿತೆಂದು ರಾಜಕುಮಾರನು ಅದರಲ್ಲಿ ಅರಿಕೆ ಮಾಡಿಕೊಂಡಿರುವನು. ಜಗತ್ತಿನ ಅಚ್ಚರಿಗಳಲ್ಲೊಂದೆಂದು ಎಣಿಸಲ್ಪಡುವ ಸೌಧವು ಕಟ್ಟಿದ ಹೊಸದರಲ್ಲಿಯೇ ಸೋರುತ್ತಿದ್ದಿತೆಂಬುದು ಯಾವ ಚಿತ್ರದಲ್ಲಿಯೂ ಕಾಣುವ ಸಂಗತಿಯಲ್ಲ.

ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, ಹೊಸತಾಗಿರುವಾಗಲೇ ಚಿತ್ರಕ್ಕೆ ಸಿಕ್ಕಿದ ಅರಮನೆಯೊಂದುಂಟು. ಅದು ಬೆಂಗಳೂರಿನ ಕೋಟೆಯೊಳಗಣ ಟೀಪೂ ಸುಲ್ತಾನನ ಅರಮನೆ. ಹೈದರಾಲಿಯು 1781ರಲ್ಲಿ ಆರಂಭಿಸಿದ ಈ ಮರದ ಅರಮನೆಯು ಮಗನ ಕಾಲದಲ್ಲಿ 1791ರಲ್ಲಿ ಮುಗಿಯಿತು. ತೇಗದ ಕಂಬಗಳು, ಬಳುಕಿನ ಕಮಾನುಗಳು, ಮೇಲಣ ಅಂತಸ್ತಿನ ಮೊಗಸಾಲೆಗಳು, ಗೋಡೆಯ ಮೇಲೆ ಹೂಬಳ್ಳಿಯ ಬಣ್ಣದ ಕೆಲಸ, ಇವುಗಳಿಂದ ಕೂಡಿದ ಈ ಮನೆಗೆ ಸ್ವರ್ಗವೂ ಅಸೂಯೆಪಡುವಂತಹುದು ಎಂಬ ಅರ್ಥದ ಪಾರಸಿ ಹೆಸರನ್ನು ಕೊರೆಯಲಾಯಿತು. ಅದೇ 1791ರ ಮಾರ್ಚ್ ತಿಂಗಳಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಕೋಟೆಯನ್ನು ಹಿಡಿಯಿತು. ಆ ದಂಡಿನ ಜೊತೆಯಲ್ಲಿ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದನು; ಅವನ ಮೈಸೂರು ಸೀಮೆಯ ಚಿತ್ರಗಳು 1794ರಲ್ಲಿ ಪುಸ್ತಕರೂಪವಾಗಿ ಹೊರಬಿದ್ದವು. ಫಿರಂಗಿ ದಳದ ಅಧಿಕಾರಿಯಾದ ಜೇಮ್ಸ್ ಹಂಟರ್ ಎಂಬವನೂ ಬೆಂಗಳೂರಿನ ಅರಮನೆಯನ್ನು ಬರೆದನು. ಅವನು 1792ರಲ್ಲಿ ಹಿಂದೂಸ್ಥಾನದಲ್ಲಿಯೇ ತೀರಿಕೊಂಡನಾದುದರಿಂದ ಅವನ ಚಿತ್ರಗಳು ಮುದ್ರಿತವಾದುವು ಲಂಡನ್ನಿನಲ್ಲಿ, ಹತ್ತಾರು ವರ್ಷಗಳ ತರುವಾಯ.

ಈ ಚಿತ್ರಗಳನ್ನು ನೋಡುವವರು ಒಂದು ಮಾತನ್ನು ಮರೆಯಲಾಗದು. ಮನೆಯನ್ನು ಕಟ್ಟಿಸಿದವನು ಅದನ್ನು ಬರೆಯಿಸಲಿಲ್ಲ, ಕಸಿದುಕೊಂಡವರು ಬರೆದರು. ಆದುದರಿಂದ ಅವರ ಕಣ್ಣಿಗೆ ರಮ್ಯವಾಗಿ ತೋರಿದುದು ಮಾತ್ರವೇ ಕಾಗದಕ್ಕೆ ಇಳಿಯಿತು. ಕೊರೆದ ಬಡಗಿಯ ಹೆಸರು, ಬಣ್ಣ ಹಚ್ಚಿದವನ ಹೆಸರು, ತೇಗವನ್ನು ಯಾವ ಕಾಡಿನಿಂದ ಎಳೆತಂದರೆಂಬ ಸಂಗತಿ, ಇವು ಗೆದ್ದವರಿಗೆ ಬೇಕಾದವುಗಳಲ್ಲ. ಹೀಗಿದ್ದರೂ ಆ ಚಿತ್ರಗಳ ಉಪಕಾರ ದೊಡ್ಡದು. ಮುಂದೆ 1831ರಿಂದ 1868ರವರೆಗೆ ಅಲ್ಲಿ ಸರಕಾರದ ಕಚೇರಿಗಳು ನಡೆದವು. ಕೋಟೆಯ ಬಹುಭಾಗವು ಬಿದ್ದುಹೋಯಿತು. ಗೋಡೆಯ ಬಣ್ಣದಲ್ಲಿ ಅಲ್ಲಲ್ಲಿ ಗುರುತು ಮಾತ್ರ ಉಳಿಯಿತು. ಅರಮನೆಯು ಅರಮನೆಯಾಗಿಯೇ ಇದ್ದ ದಿನಗಳಿಗೆ ಶತ್ರುಪಕ್ಷದ ಕುಂಚವೇ ಸಾಕ್ಷಿಯಾಗಿ ನಿಂತಿತು.

ಕುಂಚದ ಸಾಕ್ಷಿಗೂ ಬಿಸಿಲಿನ ಸಾಕ್ಷಿಗೂ ಭೇದವುಂಟು. 1839ರ ಆಗಸ್ಟ್ 19ರಂದು ಪ್ಯಾರಿಸ್ ಪಟ್ಟಣದಲ್ಲಿ ದಗೇರನ ಛಾಯಾಚಿತ್ರ ವಿಧಾನವು ಬಹಿರಂಗವಾಯಿತು. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಟಾಲ್ಬಟ್ ಎಂಬವನು ಕಾಗದದ ಮೇಲೆ ಚಿತ್ರ ಹಿಡಿಯುವ ಬೇರೊಂದು ವಿಧಾನವನ್ನು ಕಂಡುಹಿಡಿದಿದ್ದನು. ಈ ಹೊಸ ವಿದ್ಯೆಗೆ ಮೊದಮೊದಲು ಅತ್ಯಂತ ಒಗ್ಗಿದ ವಸ್ತುವೆಂದರೆ ಕಟ್ಟಡವೇ. ಕಾರಣವು ಸರಳವಾದುದು: ಕಟ್ಟಡವು ಅಲುಗಾಡುವುದಿಲ್ಲ. ದಗೇರನು 1838ರಲ್ಲಿ ಪ್ಯಾರಿಸ್ಸಿನ ರಾಜಬೀದಿಯೊಂದನ್ನು ಹಿಡಿದ ಚಿತ್ರದಲ್ಲಿ ಮನೆಗಳೂ ಮರಗಳೂ ಸ್ಪಷ್ಟವಾಗಿವೆ. ಬೀದಿಯಲ್ಲಿ ಓಡಾಡುತ್ತಿದ್ದ ಗಾಡಿಗಳೂ ಜನರೂ ಒಂದೂ ಕಾಣವು. ತಟ್ಟೆಗೆ ಬೆಳಕು ತಾಗಲು ಅನೇಕ ನಿಮಿಷಗಳು ಬೇಕಾಗಿದ್ದುದರಿಂದ ಚಲಿಸಿದುದೆಲ್ಲವೂ ಅಳಿಸಿಹೋಯಿತು. ಪಾದರಕ್ಷೆಗೆ ಮೆರುಗು ಹಾಕಿಸಿಕೊಳ್ಳಲು ನಿಂತವನೊಬ್ಬನ ಆಕೃತಿಯು ಮಾತ್ರ ಉಳಿದುಬಂದಿದೆ. ಹಳೆಯ ಕಟ್ಟಡಚಿತ್ರಗಳಲ್ಲಿ ಜನಸಂಚಾರವೇ ಇಲ್ಲದಿರುವುದನ್ನು ಕಂಡು ಆ ಊರು ನಿರ್ಜನವಾಗಿದ್ದಿತೆಂದು ತಿಳಿಯುವುದು ತಪ್ಪು. ದುಡಿಯುತ್ತಿದ್ದವನು ಮರೆಯಾದನು, ಕೆಲಸ ನಿಲ್ಲಿಸಿ ನಿಂತವನು ಉಳಿದನು. ಕಟ್ಟಡದ ಚಿತ್ರಗಳನ್ನು ಓದುವವರಿಗೆ ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಬೇರೊಂದಿಲ್ಲ.

ಒಂದು ಮಹಾಸೌಧದ ಹುಟ್ಟನ್ನು ವಾರವಾರವೂ ಹೀಗೆ ಬೆಳಕಿನಲ್ಲಿ ಬರೆದಿಟ್ಟ ಮೊದಲ ದೊಡ್ಡ ಉದಾಹರಣೆಯು ಲಂಡನ್ನಿನ ಗಾಜಿನ ಅರಮನೆಯದು. ಅದರ ಕಥೆಯನ್ನು ತುಸು ವಿಸ್ತರಿಸಿ ಹೇಳುವುದು ಯುಕ್ತ. 1851ರಲ್ಲಿ ಲಂಡನ್ನಿನ ಹೈಡ್ ಉದ್ಯಾನದಲ್ಲಿ ಸರ್ವದೇಶಗಳ ವಸ್ತುಪ್ರದರ್ಶನ ನಡೆಯಬೇಕೆಂದು ಗೊತ್ತಾದಾಗ ಕಟ್ಟಡದ ನಕ್ಷೆಗಳು ನೂರಾರು ಬಂದವು, ಒಂದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಒದಗಿದವನು ಶಿಲ್ಪಶಾಸ್ತ್ರವನ್ನು ಓದಿದವನಲ್ಲ, ತೋಟಗಾರ. ಡೆವನ್‌ಶೈರಿನ ಪ್ರಭುವಿನ ತೋಟಗಳ ಮೇಲ್ವಿಚಾರಕನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಎಂಬವನು ದಕ್ಷಿಣ ಅಮೆರಿಕೆಯಿಂದ ಬಂದ ಹೆದ್ದಾವರೆಯನ್ನು ಗಾಜಿನ ಮನೆಯಲ್ಲಿ ಬೆಳೆಸಿ 1849ರಲ್ಲಿ ಅದು ಹೂಬಿಡುವಂತೆ ಮಾಡಿದ್ದನು. ಅದರ ಎಲೆಯ ಮೇಲೆ ತನ್ನ ಪುಟ್ಟ ಮಗಳನ್ನು ನಿಲ್ಲಿಸಿದರೂ ಎಲೆಯು ಮುಳುಗಲಿಲ್ಲ. ಎಲೆಯ ಅಡಿಯಲ್ಲಿ ಹರಡಿದ ನರಗಳ ಹೆಣಿಗೆಯ ಬಲವನ್ನು ಕಂಡು, ಅದೇ ಹದದಲ್ಲಿ ಕಬ್ಬಿಣದ ಎಲುಬುಗಳ ನಡುವೆ ಗಾಜನ್ನು ಕೂಡಿಸುವ ಉಪಾಯವನ್ನು ಅವನು ಬೆಳೆಸಿದನು. 1850ರ ಜೂನ್ ತಿಂಗಳಿನಲ್ಲಿ ರೈಲ್ವೆ ಕಂಪೆನಿಯೊಂದರ ಸಭೆಯಲ್ಲಿ ಕುಳಿತಿದ್ದಾಗ ಮಸಿ ಹೀರುವ ಕಾಗದದ ಮೇಲೆ ಅವನು ಗೀಚಿದ ಮೊದಲ ನಕ್ಷೆಯನ್ನು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿರುವರು. ಒಂದು ವರ್ಷವೂ ತುಂಬುವುದರೊಳಗೆ, 1851ರ ಮೇ 1ರಂದು, 1,800 ಅಡಿಗಳಿಗೆ ಮಿಕ್ಕ ಉದ್ದದ ಸೌಧದ ಬಾಗಿಲು ತೆರೆಯಿತು. ಬಯಲಿನಲ್ಲಿದ್ದ ಹಳೆಯ ಎಲ್ಮ್ ಮರಗಳನ್ನು ಕಡಿಯಲು ಜನರು ಒಪ್ಪದಿದ್ದುದರಿಂದ ಮರಗಳ ಮೇಲೆಯೇ ಕಮಾನಿನ ಮಾಡನ್ನು ಎತ್ತಿದರು. ಐದಾರು ತಿಂಗಳಲ್ಲಿ ಸುಮಾರು 60 ಲಕ್ಷ ಪ್ರವೇಶಗಳಾದವು.

ಪ್ರದರ್ಶನವು ಮುಗಿದ ಮೇಲೆ ಕಟ್ಟಡವನ್ನು ಬಿಚ್ಚಿ ಲಂಡನ್ನಿನ ದಕ್ಷಿಣಕ್ಕಿರುವ ಸಿಡೆನ್‌ಹ್ಯಾಮ್ ದಿಣ್ಣೆಗೆ ಸಾಗಿಸಿ, ಮೊದಲಿಗಿಂತ ದೊಡ್ಡದಾಗಿ ಮತ್ತೆ ಕಟ್ಟಿದರು. 1852ರ ಆಗಸ್ಟ್ ತಿಂಗಳಿನಲ್ಲಿ ಮೊದಲ ಕಂಬ ನಿಂತಿತು. 1854ರ ಜೂನ್ 10ರಂದು ವಿಕ್ಟೋರಿಯಾ ರಾಣಿಯು ಪ್ರಾರಂಭೋತ್ಸವವನ್ನು ನೆರವೇರಿಸಿದಳು. ಈ ನಡುವಣ ಕಾಲದಲ್ಲಿ ಕೆಲಸದ ಮುನ್ನಡೆಯನ್ನು ಚಿತ್ರಿಸಲು ಫಿಲಿಪ್ ಹೆನ್ರಿ ಡೆಲಮೋಟ್ ಎಂಬವನು ನೇಮಕವಾಗಿದ್ದನು. ಅವನು ತೆಗೆದ ಚಿತ್ರಗಳಲ್ಲಿ 160ನ್ನು ಎರಡು ಸಂಪುಟಗಳಲ್ಲಿ 1855ರಲ್ಲಿ ಪ್ರಕಟಿಸಲಾಯಿತು. ಆಗಿನ ವಿಧಾನದಲ್ಲಿ ಗಾಜಿನ ಹಲಗೆಗೆ ಮದ್ದು ಬಳಿದು, ಅದು ಹಸಿಯಾಗಿರುವಾಗಲೇ ಚಿತ್ರ ಹಿಡಿದು, ಒಣಗುವ ಮೊದಲೇ ಕತ್ತಲೆಯ ಗುಡಾರದೊಳಗೆ ತೊಳೆಯಬೇಕಾಗಿದ್ದಿತು. ಚಿತ್ರಕಾರನೂ ಒಬ್ಬ ಕೂಲಿಯಂತೆಯೇ ದಿನವೆಲ್ಲ ಓಡಾಡಿ ದುಡಿದನೆಂದು ಹೇಳಬಹುದು.

ಆ ಸಂಪುಟಗಳಲ್ಲಿ ಕಂಬಗಳು ಬರಿಯ ಮಣ್ಣಿನಿಂದ ಮೇಲೇಳುತ್ತಿರುವುದು ಕಾಣುವುದು. ಮಾಡಿನ ಕಮಾನುಗಳಿಗೆ ಇನ್ನೂ ಗಾಜು ಕೂತಿಲ್ಲ. ಆಕಾಶವು ಬರಿದಾದ ಕಬ್ಬಿಣದ ಸಂದಿಗಳಿಂದ ಒಳಗಿಳಿದಿದೆ. ಈಜಿಪ್ಟ್ ದೇಶದ ಅಬು ಸಿಂಬೆಲ್ ಗುಡಿಯ ರಾಜಮೂರ್ತಿಗಳನ್ನು ಮಾದರಿಯಾಗಿಟ್ಟುಕೊಂಡು ಅಲ್ಲಿ ಮಾಡಿದ ಬೃಹದ್ವಿಗ್ರಹಗಳ ಬುಡದಲ್ಲಿ ನಿಂತ ಮನುಷ್ಯರು ಗೊಂಬೆಗಳಂತೆ ತೋರುವರು. ಆದರೆ 1853ರ ಆಗಸ್ಟ್ ತಿಂಗಳಿನಲ್ಲಿ ಸಾರುವೆಯು ಕುಸಿದು 12 ಮಂದಿ ಕೆಲಸಗಾರರು ಪ್ರಾಣಬಿಟ್ಟರು. ಅಂದವಾದ ಆ ಚಿತ್ರಮಾಲೆಯನ್ನು ತಿರುವುತ್ತ ಹೋಗುವವರಿಗೆ ಈ ಸಂಗತಿಯು ತಿಳಿದಿದ್ದರೆ, ಎತ್ತರದ ತೊಲೆಯ ಮೇಲೆ ಕಪ್ಪು ಚುಕ್ಕೆಗಳಂತೆ ನಿಂತವರನ್ನು ನೋಡುವ ಕಣ್ಣೇ ಬೇರೆಯಾಗುವುದು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಆ ಚಿತ್ರಗಳಲ್ಲಿ ಬಣ್ಣವಿಲ್ಲ. ಹೈಡ್ ಉದ್ಯಾನದ ಕಟ್ಟಡದ ಕಬ್ಬಿಣಕ್ಕೆ ಓವನ್ ಜೋನ್ಸ್ ಎಂಬ ಕಲಾವಿದನು ನೀಲಿ, ಹಳದಿ, ಕೆಂಪುಗಳನ್ನು ಹಚ್ಚಿಸಿ, ಆ ಕಾರಣಕ್ಕಾಗಿ ಪತ್ರಿಕೆಗಳ ಟೀಕೆಗೆ ಗುರಿಯಾಗಿದ್ದನು. ಬೂದುಬಣ್ಣದ ಚಿತ್ರಗಳಿಂದ ಆ ಕಾಲವನ್ನು ಕಲ್ಪಿಸಿಕೊಳ್ಳುವವರು ಅದನ್ನು ಬೂದಿಯಂತೆಯೇ ಕಲ್ಪಿಸಿಕೊಳ್ಳುವರು. ಕಣ್ಣು ಕುಕ್ಕುವಂತಹ ಬಣ್ಣವಿದ್ದುದು ಬರಹದಿಂದಲೂ ಬಣ್ಣದ ಅಚ್ಚುಗಳಿಂದಲೂ ತಿಳಿಯಬೇಕಾಗಿದೆ.

1866ರಲ್ಲಿ ಉತ್ತರದ ಭಾಗವು ಬೆಂಕಿಗೆ ಆಹುತಿಯಾಗಿ ಆ ರಾಜಮೂರ್ತಿಗಳೂ ನಾಶವಾದವು. 1936ರ ನವೆಂಬರ್ 30ರ ರಾತ್ರಿ ಉಳಿದುದೆಲ್ಲವೂ ಉರಿದುಹೋಯಿತು. ಅಂದಿನಿಂದ ಡೆಲಮೋಟನ ಚಿತ್ರಗಳು ಒಂದು ಕಟ್ಟಡದ ಬಾಲ್ಯವನ್ನು ಮಾತ್ರ ತೋರಿಸುವವುಗಳಾಗಿ ಉಳಿಯದೆ, ಅದರ ಇರವಿಗೇ ಆಧಾರವಾದವು. ಬೆಂಗಳೂರಿನ ವಾಚಕರಿಗೆ ಈ ಸೌಧದ ನೆರಳು ಅಪರಿಚಿತವಲ್ಲ. ಲಾಲ್‌ಬಾಗಿನ ಗಾಜಿನ ಮನೆಯು ಇದೇ ಮಾದರಿಯಿಂದ ಪ್ರೇರಿತವಾದುದು; ಅದಕ್ಕೆ ಅಸ್ತಿಭಾರವನ್ನಿಟ್ಟುದು 1889ರ ನವೆಂಬರ್ 30ರಂದು. ಸಿಡೆನ್‌ಹ್ಯಾಮಿನ ಸೌಧವು ಉರಿದ ತಾರೀಖೂ ಅದೇ ಆಗಿರುವುದು ಕಾಕತಾಳೀಯ. ದೊಡ್ಡದು ಹೋಗಿ, ಅದನ್ನು ನೋಡಿ ಕಟ್ಟಿದ ಚಿಕ್ಕದು ಹೂವಿನ ಪ್ರದರ್ಶನಗಳಿಗೆ ನೆಲೆಯಾಗಿ ಬಾಳಿತು.

ಬಣ್ಣದ ಮಾತು ಬಂದುದರಿಂದ ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯದೇವಿಯನ್ನು ನೆನೆಯಬಹುದು. ಫ್ರಾನ್ಸ್ ದೇಶದ ಬಾರ್ತೊಲ್ಡಿಯು ನಿರ್ಮಿಸಿದ ಆ ಮೂರ್ತಿಯ ತಲೆ, ಕೈಗಳನ್ನು ಪ್ಯಾರಿಸ್ಸಿನ ಕಾರ್ಖಾನೆಯೊಳಗೆ ತಟ್ಟಿ ರೂಪಿಸುತ್ತಿರುವ ಛಾಯಾಚಿತ್ರಗಳು ಉಳಿದಿವೆ. 1886ರ ಅಕ್ಟೋಬರ್ 28ರಂದು ಪ್ರತಿಷ್ಠೆಯಾದಾಗ ಅದು ಹೊಸ ತಾಮ್ರದ ಕೊಡದ ಬಣ್ಣದ್ದಾಗಿದ್ದಿತು. ಲೋಕವೆಲ್ಲ ಬಲ್ಲ ಹಸಿರು ಬಣ್ಣವು ಕಡಲಗಾಳಿಗೆ ತಾಮ್ರವು ಕಿಲುಬಿ ಬಂದುದು. 1920ರ ಹೊತ್ತಿಗೆ ಮೈಯೆಲ್ಲ ಹಾಗಾಯಿತು. ಹುಳಿ ಹಚ್ಚಿ ತಾಮ್ರವನ್ನು ತಿಕ್ಕುವ ಮನೆಗಳಲ್ಲಿ ಕಿಲುಬು ಹೇಸಿಗೆಯ ವಸ್ತು. ಅಲ್ಲಿಯ ಜನರಿಗಾದರೋ ಅದೇ ಪ್ರಿಯವಾಯಿತು. ಬಣ್ಣ ಬಳಿಯುವ ಸೂಚನೆ 1906ರಲ್ಲಿ ಬಂದಾಗ ಅವರು ಒಪ್ಪಲಿಲ್ಲ.

ಪ್ಯಾರಿಸ್ಸಿನ ಐಫೆಲ್ ಗೋಪುರದ ಕಥೆಯೂ ಇಂತಹುದೇ. 1887ರ ಜನವರಿ 28ರಂದು ಅದರ ಪಾಯ ತೋಡುವ ಕೆಲಸ ಆರಂಭವಾಯಿತು. ಕೆಲವೇ ದಿನಗಳಲ್ಲಿ, ಫೆಬ್ರವರಿ 14ರಂದು, ನಗರದ ಹೆಸರಾದ ಸಾಹಿತಿಗಳೂ ಕಲಾವಿದರೂ ಸೇರಿ ಪತ್ರಿಕೆಯಲ್ಲಿ ಬಲವಾದ ಪ್ರತಿಭಟನೆಯನ್ನು ಪ್ರಕಟಿಸಿದರು. ಕಥೆಗಾರನಾದ ಮೊಪಾಸಾನೂ, ಪ್ಯಾರಿಸ್ಸಿನ ಸಂಗೀತ ನಾಟಕಶಾಲೆಯ ಶಿಲ್ಪಿಯಾದ ಗಾರ್ನಿಯೆಯೂ ಅದಕ್ಕೆ ಸಹಿ ಹಾಕಿದವರು. ವಿನೋದವೇನೆಂದರೆ, ಗಾರ್ನಿಯೆಯ ನಾಟಕಶಾಲೆಯು ಕಟ್ಟಲ್ಪಡುತ್ತಿದ್ದಾಗ ಅದರ ಚಿತ್ರಗಳನ್ನು ಹಿಡಿದ ದ್ಯುರಾಂದೆಲ್ ಎಂಬವನೇ ಈ ಗೋಪುರವು ಏರುವುದನ್ನೂ ಹಿಡಿದನು. ಶಿಲ್ಪಿಗಳ ಜಗಳವು ಛಾಯಾಚಿತ್ರಕಾರನಿಗೆ ಸಂಬಂಧಿಸಿದುದಲ್ಲ. ನಾಲ್ಕು ಕಾಲುಗಳು ಒಂದಕ್ಕೊಂದು ತಾಗದೆ ಓರೆಯಾಗಿ ನಿಂತಿರುವುದು, 1888ರ ವಸಂತದಲ್ಲಿ ಮೊದಲ ಅಟ್ಟವು ಕೂಡಿದುದು, ಆಗಸ್ಟ್ ಹೊತ್ತಿಗೆ ಎರಡನೆಯದು, ಹೀಗೆ ತಿಂಗಳಿಂದ ತಿಂಗಳಿಗೆ ಒಂದೇ ಸ್ಥಳದಿಂದ ತೆಗೆದ ಚಿತ್ರಗಳ ಸಾಲು ಬೇರೆಯವರಿಂದಲೂ ದೊರೆತಿದೆ. 18,038 ಕಬ್ಬಿಣದ ತುಂಡುಗಳನ್ನು 25 ಲಕ್ಷ ಒತ್ತುಮೊಳೆಗಳಿಂದ ಕೂಡಿಸಿದ ಆ ಗೋಪುರವು 1889ರ ಮಾರ್ಚ್ 31ರಂದು ಪೂರ್ಣವಾಯಿತು. ಅದಕ್ಕೆ ದೊರೆತ ಆಯುಷ್ಯ ಇಪ್ಪತ್ತೇ ವರ್ಷ. 1909ರಲ್ಲಿ ಕೆಡವಬೇಕೆಂಬುದು ಕರಾರು. ತಂತಿಯಿಲ್ಲದ ತಂತಿವರ್ತಮಾನಕ್ಕೆ ಅದರ ಎತ್ತರವು ಉಪಯೋಗಕ್ಕೆ ಬಂದುದರಿಂದ ಬದುಕಿಕೊಂಡಿತು. ಆದುದರಿಂದ ಆ ಹಳೆಯ ಚಿತ್ರಗಳನ್ನು ತೆಗೆದವರು ತಾವು ಶಾಶ್ವತವಾದುದನ್ನು ಚಿತ್ರಿಸುತ್ತಿರುವೆವೆಂದು ತಿಳಿದಿರಲಾರರು. ಜಾತ್ರೆಯ ಮಂಟಪವನ್ನು ನೋಡಿದಂತೆ ಅದನ್ನು ನೋಡಿದರು. ಆಗ ಅದರ ಮೈಬಣ್ಣವೂ ಈಗಿನದಲ್ಲ, ಕೆಂಪು. ಕಪ್ಪುಬಿಳುಪಿನ ಚಿತ್ರವು ಇದನ್ನೂ ಮುಚ್ಚಿಟ್ಟಿದೆ.

ಮೈಸೂರಿನ ಅರಮನೆಯ ವಿಷಯವು ಇವೆಲ್ಲವುಗಳಿಗಿಂತ ಕನ್ನಡಿಗರ ಮನಸ್ಸಿಗೆ ಹತ್ತಿರವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯದಲ್ಲಿ, 1803ರ ಹೊತ್ತಿಗೆ ಸಿದ್ಧವಾದ ಹಿಂದಣ ಅರಮನೆಯು ಬಹುಭಾಗ ಮರದಿಂದ ಆದುದು. ಪೂರ್ವಕ್ಕೆ ಮುಖಮಾಡಿ, ದಸರೆಯ ದರ್ಬಾರಿನ ಕಾಲದಲ್ಲಿ ಬಯಲಿನಲ್ಲಿ ನೆರೆದ ಪ್ರಜೆಗಳಿಗೆ ಸಿಂಹಾಸನಸ್ಥ ಪ್ರಭುವಿನ ದರ್ಶನವಾಗುವಂತೆ ತೆರೆದ ಮೊಗಸಾಲೆಯಿದ್ದ ಆ ಕಟ್ಟಡದ ರೂಪವು ಛಾಯಾಚಿತ್ರಗಳಿಂದ ತಿಳಿದುಬರುವುದು. 1897ರ ಫೆಬ್ರವರಿ ತಿಂಗಳಿನಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂಭ್ರಮ ನಡೆಯುತ್ತಿದ್ದಾಗ ಬೆಂಕಿ ಹತ್ತಿ ಅದು ಸುಟ್ಟುಹೋಯಿತು. ಸುಮಾರು ಎರಡು ವರ್ಷಗಳ ಹಿಂದೆಯಷ್ಟೇ ಪತಿಯನ್ನು ಕಳೆದುಕೊಂಡು, ಎಳೆಯ ಮಗನ ಪರವಾಗಿ ರಾಜ್ಯಭಾರವನ್ನು ನಿರ್ವಹಿಸುತ್ತಿದ್ದ ವಾಣೀವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು ಎದೆಗುಂದದೆ ಅದೇ ವರ್ಷ ಹೊಸ ಅರಮನೆಯ ಕೆಲಸಕ್ಕೆ ತೊಡಗಿಸಿದರು. ಸಿಮ್ಲಾ ನಗರದ ವೈಸರಾಯರ ಭವನವನ್ನು ಕಟ್ಟಿದ ಹೆನ್ರಿ ಇರ್ವಿನನಿಗೆ ನಕ್ಷೆಯ ಹೊಣೆ ಬಂದಿತು. ಹದಿನೈದು ವರ್ಷಗಳ ದುಡಿಮೆಯಿಂದ, 41,47,913 ರೂಪಾಯಿಗಳ ವೆಚ್ಚದಲ್ಲಿ, 1912ರಲ್ಲಿ ಕಾರ್ಯವು ಪೂರ್ತಿಯಾಯಿತು.

ಮರದ ಅರಮನೆಯು ಬೆಂಕಿಗೆ ಹೋದ ಪಾಠವು ಹೊಸದರ ಮೈಯಲ್ಲಿ ಎದ್ದು ಕಾಣುವುದು. ಹೊರಮೈಗೆ ಬೂದುಬಣ್ಣದ ಕಣಶಿಲೆ. ಕಲ್ಯಾಣಮಂಟಪಕ್ಕೆ ಗ್ಲಾಸ್ಗೋ ನಗರದ ಸ್ಯಾರಸನ್ ಎರಕದ ಕಾರ್ಖಾನೆಯಿಂದ ಹಡಗಿನಲ್ಲಿ ಬಂದ ಕಬ್ಬಿಣದ ಕಂಬಗಳು. ಲಾಲ್‌ಬಾಗಿನ ಗಾಜಿನ ಮನೆಯ ಕಬ್ಬಿಣವೂ ಅದೇ ಕಾರ್ಖಾನೆಯದು. ಆದರೂ ಪೂರ್ವಾಭಿಮುಖವಾದ ತೆರೆದ ಮೊಗಸಾಲೆಯ ಕ್ರಮವನ್ನು ಬಿಡಲಿಲ್ಲ. ಹಳೆಯ ಅರಮನೆಯ ಚಿತ್ರವನ್ನೂ ಹೊಸದರ ಮೊದಲ ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ವಿದೇಶೀಯ ಶಿಲ್ಪಿಯ ಗುಮ್ಮಟ ಗೋಪುರಗಳ ಕೆಳಗೆ ಹಳೆಯ ಮನೆಯೇ ಕಲ್ಲಾಗಿ ನಿಂತಿದೆಯೆಂಬುದು ವೇದ್ಯವಾಗುವುದು. ಈ ಕಟ್ಟಡದ ಕೆಲಸವಿನ್ನೂ ನಡೆಯುತ್ತಿದ್ದುದರಿಂದಲೇ 1902ರ ಆಗಸ್ಟ್ 8ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಅಧಿಕಾರಸ್ವೀಕಾರವು, ಕರ್ಜನ್ ಪ್ರಭುವಿನ ಸಮ್ಮುಖದಲ್ಲಿ, ಜಗನ್ಮೋಹನ ಅರಮನೆಯಲ್ಲಿ ನಡೆಯಬೇಕಾಯಿತು. ಇದನ್ನರಿಯದೆ, ಆ ದಿನದ ಚಿತ್ರಗಳಲ್ಲಿ ದೊಡ್ಡ ಅರಮನೆಯನ್ನು ಹುಡುಕುವವರು ನಿರಾಶರಾಗುವರು.

ಇಲ್ಲಿಯೇ ಛಾಯಾಚಿತ್ರವು ಇನ್ನೊಂದು ವಿಧದ ಸೇವೆಯನ್ನೂ ಮಾಡಿದೆ. ಕಲ್ಯಾಣಮಂಟಪದ ಸುತ್ತುಗೋಡೆಗಳ ಮೇಲೆ ದಸರೆಯ ಮೆರವಣಿಗೆಯನ್ನು ಬರೆಯುವ ಕೆಲಸಕ್ಕೆ 1934ರಿಂದ ಹತ್ತು ವರ್ಷಗಳಿಗೂ ಮೀರಿ ಹಿಡಿಯಿತು. ಆಸ್ಥಾನದ ಚಿತ್ರಕಾರರು ಮನಸ್ಸಿಗೆ ಬಂದಂತೆ ಮುಖಗಳನ್ನು ಬರೆಯಲಿಲ್ಲ. ನಿಜವಾದ ಮೆರವಣಿಗೆಗಳ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದರು. ಬೆಳಕಿನಿಂದ ಹಿಡಿದ ಬಣ್ಣವಿಲ್ಲದ ಚಿತ್ರಕ್ಕೆ ಕುಂಚವು ಬಣ್ಣವನ್ನು ಮರಳಿ ಕೊಟ್ಟಿತು. ಗಾಜಿನ ಅರಮನೆಗೂ ಐಫೆಲ್ ಗೋಪುರಕ್ಕೂ ಒದಗದಿದ್ದ ಭಾಗ್ಯವಿದು.

ಬೆಂಗಳೂರಿನ ವಿಧಾನಸೌಧದ ವಿಷಯವು ಈಚಿನದು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಅಸ್ತಿಭಾರವನ್ನಿಟ್ಟರು. ಕೆಂಗಲ್ ಹನುಮಂತಯ್ಯನವರ ಹಟದಿಂದ ಅದರ ರೂಪವು ಹಿಗ್ಗಿ 1956ರಲ್ಲಿ ಮುಗಿಯಿತು. ಕಟ್ಟಿದವರಲ್ಲಿ ಸೆರೆಮನೆಯಿಂದ ಬಂದ ಕೈದಿಗಳೂ ಬಹು ಮಂದಿ ಇದ್ದರು. ಆ ಕಾಲದ ಚಿತ್ರಗಳಲ್ಲಿ ಎದುರಿಗೆ 1868ರ ಕೆಂಪು ಅಠಾರಾ ಕಚೇರಿಯು ಹಿರಿಯಳಂತೆ ನಿಂತಿದೆ. ಸುತ್ತಲೂ ಮರವಿಲ್ಲದ ಬಯಲು.

ಚಿತ್ರವಿಲ್ಲದೆ ಹೋದ ಹೊಸತನಕ್ಕೆ ಹಂಪೆಗಿಂತ ದೊಡ್ಡ ನಿದರ್ಶನ ಬೇರೆ ಬೇಡ. 1565ರಲ್ಲಿ ಆ ಮಹಾನಗರವು ಹಾಳಾದ ಮೇಲೆ ಸುಮಾರು ಮುನ್ನೂರು ವರ್ಷಗಳು ಕಳೆದು, 1856ರಲ್ಲಿ ಮದ್ರಾಸು ಸೈನ್ಯದ ಅಧಿಕಾರಿಯಾದ ಅಲೆಗ್ಜಾಂಡರ್ ಗ್ರೀನ್‌ಲಾ ಎಂಬವನು ಮೇಣದ ಕಾಗದದ ಮೇಲೆ ಅಲ್ಲಿಯ ಕಟ್ಟಡಗಳನ್ನು ಹಿಡಿದನು. ಅವನು ಕಂಡುದು ಹಾಳೂರು, ಹೊಸತಾಗಿದ್ದ ವಿಜಯನಗರವಲ್ಲ. ಆದರೂ ಹಳೆಯ ಚಿತ್ರವಾದಷ್ಟೂ ಅದು ಹೊಸತನಕ್ಕೆ ಒಂದು ಹೆಜ್ಜೆ ಹತ್ತಿರವೇ. ವಿಜಯವಿಠ್ಠಲನ ಗುಡಿಯ ಅಂಗಳದಲ್ಲಿರುವ ಕಲ್ಲಿನ ರಥದ ಅವನ ಚಿತ್ರದಲ್ಲಿ, ರಥದ ಮೇಲೆ ಇಟ್ಟಿಗೆ ಗಾರೆಯ ಶಿಖರವೊಂದು ನಿಂತಿರುವುದು ಕಾಣುವುದು. ತರುವಾಯ ಅದು ಇಲ್ಲವಾಯಿತು. ಶಿಖರವಿಲ್ಲದ, ತಲೆ ಚಪ್ಪಟೆಯಾದ ರೂಪವೇ ಜನರ ಕಣ್ಣಿಗೆ ರೂಢಿಯಾಗಿ, 2017ರಲ್ಲಿ ಹೊರಟ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿಯೂ ರಥವು ಹಾಗೆಯೇ ಅಚ್ಚಾಗಿದೆ.